ಮೂಕಚಿತ್ರದ ವೇಗವೂ ಹೊಸ ಸಂಗೀತವೂ

ಆಬೆಲ್ ಗಾನ್ಸನ 'ನೆಪೋಲಿಯನ್' ಮೂಕಚಿತ್ರವು 1927ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಪ್ರದರ್ಶಿತವಾಯಿತು. ಕೆವಿನ್ ಬ್ರೌನ್‌ಲೋ ಅವರು ಜೀರ್ಣೋದ್ಧಾರ ಮಾಡಿದ ಈ ಚಿತ್ರಕ್ಕೆ ಎರಡು ಹೊಸ ಸಂಗೀತಕೃತಿಗಳು ಒದಗಿದುವು: 1980ರಲ್ಲಿ ಲಂಡನ್ನಿನಲ್ಲಿ ಕಾರ್ಲ್ ಡೇವಿಸರದು, 1981ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಮೈನ್ ಕೊಪ್ಪೊಲಾ ಅವರದು. ಇವುಗಳ ತಾರತಮ್ಯವನ್ನು ವಿವೇಚಿಸುವಾಗ ಮಾಧುರ್ಯವನ್ನಷ್ಟೇ ತೂಗಿದರೆ ಸಾಲದು. ಎರಡೂ ಒಂದೇ ವೇಗದ ಚಿತ್ರಕ್ಕೆ ಹೊಂದಿಸಿದವಲ್ಲ.

ಲಂಡನ್ನಿನಲ್ಲಿ ಚಿತ್ರವು ಬಹುಮಟ್ಟಿಗೆ ಸೆಕೆಂಡಿಗೆ 20 ಫ್ರೇಮುಗಳಂತೆ ಓಡಿತು, ನ್ಯೂಯಾರ್ಕಿನಲ್ಲಿ 24ರಂತೆ. ಈ 24 ಎಂಬುದು ವಾಕ್ಚಿತ್ರದೊಡನೆ ಬಂದ ಕಟ್ಟುಪಾಡು. ಮೂಕಚಿತ್ರಗಳ ಕಾಲದಲ್ಲಿ ಅಂಥ ಏಕರೂಪತೆಯಿರಲಿಲ್ಲ. ಮೊದಲನೆಯ ವೇಗದಲ್ಲಿ ಒಂದು ಗಂಟೆ ಹಿಡಿಯುವ ಭಾಗವು ಎರಡನೆಯದರಲ್ಲಿ 50 ನಿಮಿಷಗಳಿಗೆ ಮುಗಿಯುತ್ತದೆ. ಧ್ವನಿಮುದ್ರಿಕೆಯನ್ನೂ ಅದೇ ಪ್ರಮಾಣದಲ್ಲಿ ಓಡಿಸಿದರೆ ಷಡ್ಜವು ಸಾಧಾರಣಗಾಂಧಾರಕ್ಕೆ ಏರುತ್ತದೆ. ಓಡಿಸದಿದ್ದರೆ ಸಂಗೀತದ ಆರನೆಯ ಒಂದು ಪಾಲು ಚಿತ್ರವಿಲ್ಲದೆ ಉಳಿಯುತ್ತದೆ. ಶ್ರುತಿ ಕೆಡದಂತೆ ಕಾಲವನ್ನು ಕುಗ್ಗಿಸುವ ಉಪಾಯ ಇಂದು ಗಣಕಯಂತ್ರದಲ್ಲುಂಟು, ನಿಜ. ಆದರೆ ನಡಿಗೆಯ ಲಯವು ಓಟದ ಲಯವಾಗುವುದನ್ನು ಅದು ತಡೆಯಲಾರದು.

ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದುದು ಬೇರೊಂದು. ವೇಗವು ಮೊದಲಿಗೆ ಸಂಶೋಧಕನ ಊಹೆ. ಸಂಗೀತವು ಸಿದ್ಧವಾದೊಡನೆ ಆ ಊಹೆಯೇ ಪ್ರಮಾಣವಾಗಿ ನಿಲ್ಲುತ್ತದೆ. ಮುಂದೆ ಬೇರೆ ವೇಗಕ್ಕೆ ಆಧಾರ ದೊರೆತರೂ ವಾದ್ಯವೃಂದದ ಸ್ವರಲಿಪಿಯನ್ನು ತಿದ್ದದೆ ಚಿತ್ರವನ್ನು ತಿದ್ದುವಂತಿಲ್ಲ. ನ್ಯೂಯಾರ್ಕಿನ ಪಾಠವು ಸುಮಾರು ನಾಲ್ಕು ಗಂಟೆಗಳದು, ಲಂಡನ್ನಿನದು ಐದಕ್ಕೆ ಸಮೀಪ. ಕೆಲವು ಭಾಗಗಳನ್ನು ಕೈಬಿಟ್ಟುದೂ ಇದಕ್ಕೆ ಕಾರಣವೇ. ಆದರೂ ವೇಗದ ಪಾಲು ಅಲ್ಪವಲ್ಲ. ಡೇವಿಸರು ಬೀತೋವನ್ ಮೊದಲಾದವರಿಂದ ಧಾರಾಳವಾಗಿ ಎರವಲು ಪಡೆದುದನ್ನು ಆಕ್ಷೇಪಿಸಬಹುದು. ಆದರೆ ವೇಗದ ಮಟ್ಟಿಗೆ ಅವರ ಕೃತಿಯೇ ಹೆಚ್ಚು ವಿಶ್ವಾಸಾರ್ಹವೆಂದು ನನ್ನ ಮತ: ಅಲ್ಲಿ ಮನುಷ್ಯರು ಮನುಷ್ಯರಂತೆ ನಡೆಯುತ್ತಾರೆ, ಇನ್ನೊಂದರಲ್ಲಿ ಗಂಭೀರ ಸನ್ನಿವೇಶಗಳಲ್ಲಿಯೂ ಆತುರಪಡುತ್ತಾರೆ.