ಪಾರಖ: ನಾಲಗೆಗೂ ಕಣ್ಣುಂಟು

ಔರಾದ್, ಭಾಲ್ಕಿಗಳ ಮರಾಠಿ ಮಾತಿನಲ್ಲಿ ಅದು ಪಾರಖ. ಬೀದರ್ ಪೇಟೆಯ ಉರ್ದುವಿನಲ್ಲಿ ಪರಖ್. ಪದಾರ್ಥದ ಒಳಗುಣವನ್ನು ಹೊರಗಿನಿಂದಲೇ ಹಿಡಿಯುವ ಸೂಕ್ಷ್ಮಕ್ಕೆ ಈ ಹೆಸರು, ಆ ಸೂಕ್ಷ್ಮ ಇದ್ದವನು ಪಾರಖಿ. ಎರಡಕ್ಕೂ ಬೇರು ಸಂಸ್ಕೃತದ ‘ಪರೀಕ್ಷಾ’. ‘ಪರಿ’ ಎಂದರೆ ಸುತ್ತ, ‘ಈಕ್ಷ್’ ಎಂದರೆ ನೋಡು. ನಮ್ಮ ಹಳೆಯ ಕಾವ್ಯಗಳ ‘ಪರಿಕಿಸು’ ಇದೇ ಬಳ್ಳಿಯದು. ಗುಜರಾತಿನ ಪಾರೇಖ್ ಎಂಬ ಮನೆತನದ ಹೆಸರೂ ನಾಣ್ಯದ ಸಾಚಾತನ ನೋಡುತ್ತಿದ್ದವರಿಂದ ಬಂದದ್ದು. ‘ಪರೀಕ್ಷೆ’ ಶಾಲೆ ಸೇರಿ ಪ್ರಶ್ನೆಪತ್ರಿಕೆಗೆ ಅಂಟಿಕೊಂಡಿತು. ಮುಟ್ಟಿ, ತಿರುಗಿಸಿ, ತೂಗಿ ತಿಳಿಯುವ ಅರ್ಥವನ್ನು ಪಾರಖ ಕಾಪಾಡಿಕೊಂಡಿತು. ನನಗೆ ಬೇಕಾದದ್ದು ಈ ಅರ್ಥ.

ದನದ ಸಂತೆಯಲ್ಲಿ ಅದು ಎದ್ದು ಕಾಣುತ್ತದೆ. ಭಾಲ್ಕಿ, ಔರಾದ್ ಸೀಮೆ ದೇವಣಿ ತಳಿಯ ತವರಿಗೆ ಸೇರಿದ್ದು. ಹೆಸರು ಮಾತ್ರ ಗಡಿಯಾಚೆಯ ಲಾತೂರ್ ಜಿಲ್ಲೆಯ ದೇವಣಿ ಊರಿನದು. ಮುಖದ ಎರಡೂ ಬದಿ ಕಪ್ಪಿದ್ದರೆ ವಾನೇರಾ, ಮೈ ಬೆಳ್ಳಗಿದ್ದರೆ ಬಾಳಂಕ್ಯಾ, ಬಿಳಿಯ ಮೇಲೆ ಕಪ್ಪು ಮಚ್ಚೆಯಿದ್ದರೆ ವಾಘ್ಯಾ. ಇಷ್ಟನ್ನು ಯಾರಾದರೂ ಒಂದು ದಿನದಲ್ಲಿ ಕಲಿತಾರು. ಪಾರಖಿ ಅಲ್ಲಿಗೆ ನಿಲ್ಲುವುದಿಲ್ಲ. ಉಬ್ಬಿದ ಹಣೆ, ಜೋಲುವ ಕಿವಿ ನೋಡುತ್ತಾನೆ, ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ, ಬಾಯಿಗೂಡಿತೋ ಎಂದು ಎಣಿಸುತ್ತಾನೆ, ಸುಳಿ ಹುಡುಕುತ್ತಾನೆ, ಕೊನೆಗೆ ಎತ್ತನ್ನು ನಡೆಸಿ, ಹಿಂದೆ ನಿಂತು ಹೆಜ್ಜೆ ನೋಡುತ್ತಾನೆ. ‘ಪರಿ’ ಎಂಬ ಉಪಸರ್ಗಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ನಾನು ಕಂಡಿಲ್ಲ.

ಆದರೆ ಪಾರಖದ ತುದಿ ಇರುವುದು ಬೀದರ್ ನಗರದಲ್ಲಿ, ಬಿದರಿ ಕುಶಲಕರ್ಮಿಗಳ ನಾಲಗೆಯ ಮೇಲೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಮೊದಲು ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಚಿತ್ತಾರ ಕೊರೆಯುವ ಗೆರೆ ಕಾಣಲೆಂದು. ಕೊರೆದ ಗೆರೆಗೆ ಬೆಳ್ಳಿ ತಂತಿ ಕೂರಿಸಿದರೆ ತಾರ್‌ಕಶಿ, ತಗಡು ಕೂರಿಸಿದರೆ ತೆಹ್‌ನಿಶಾನ್. ಉಜ್ಜಿ ನಯ ಮಾಡಿದ ಮೇಲೆ ನಿಜವಾದ ಕಪ್ಪು ಬರಬೇಕು. ಅದಕ್ಕೆ ಬೇಕು ಕೋಟೆಯ ಮಣ್ಣು: ಮಳೆ ಬಿಸಿಲು ತಾಕದ ಹಳೆಯ ಮೂಲೆಗಳದು. ನವಸಾಗರದ ಜೊತೆ ನೀರಿನಲ್ಲಿ ಕುದಿಸಿ, ಕಾಯಿಸಿದ ಪಾತ್ರೆಗೆ ತಾಕಿಸಿದರೆ ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಆದೀತು, ಯಾವುದು ಆಗದು? ಚಿಟಿಕೆ ಎತ್ತಿ ನಾಲಗೆಗಿಟ್ಟು ಹೇಳುತ್ತಾರೆ. ನೋಟದಿಂದ ಹುಟ್ಟಿದ ಪದ ಇಲ್ಲಿ ರುಚಿಗೆ ದಾಟಿದೆ.

2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. 2023ರಲ್ಲಿ ಬಿದರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ. ಗೌರವ ಬಂದದ್ದು ಸಂತೋಷವೇ. ಕೊಳ್ಳುವವರಲ್ಲೂ ಪಾರಖ ಬೆಳೆಯಲಿ ಎಂಬುದು ನನ್ನ ಆಸೆ. ಹೊಳಪಿಗೆ ಸೋಲಬೇಡಿ. ಕಣ್ಣು ಮುಚ್ಚಿ ಬೆರಳಾಡಿಸಿ: ಬೆಳ್ಳಿ ಕೂತ ಕಡೆ ಉಗುರು ಸಿಕ್ಕಬಾರದು. ಕಪ್ಪು ಎಲ್ಲ ಕಡೆ ಸಮನಾಗಿರಬೇಕು, ಮೂಲೆಮುಡುಕಿನಲ್ಲೂ. ಸಾಧ್ಯವಾದರೆ ಕಾರ್ಖಾನೆಯಲ್ಲಿ ಕಪ್ಪು ಏರಿಸುವ ದಿನ ಯಾವುದೆಂದು ವಿಚಾರಿಸಿ, ಆ ದಿನವೇ ಹೋಗಿ.