ಉತಮಾರೊನ ಸ್ತ್ರೀಚಿತ್ರಗಳಲ್ಲಿ ಮುಖ ಮತ್ತು ಹೆಸರು

ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಕಾಣುವ ಸ್ತ್ರೀಯರೆಲ್ಲರಿಗೂ ಒಂದೇ ಮುಖವೆಂಬ ಆಕ್ಷೇಪವೊಂದುಂಟು. ಕಿತಗಾವಾ ಉತಮಾರೊನ (ಮರಣ 1806) ಅಭಿಮಾನಿಗಳಾದರೋ, ಆತನು ಒಬ್ಬೊಬ್ಬಳ ಅಂತರಂಗವನ್ನೂ ಮುಖದಲ್ಲಿ ತೆರೆದಿಟ್ಟನೆನ್ನುತ್ತಾರೆ. ಎರಡೂ ಅವಸರದ ಮಾತುಗಳು.

1792-93ರ ಸುಮಾರಿನಲ್ಲಿ ಆತನು ಹೊರತಂದ ಸ್ತ್ರೀಲಕ್ಷಣಗಳ ಮಾಲೆಯಲ್ಲಿ ‘ಸಾಮುದ್ರಿಕ ಬಲ್ಲ ಉತಮಾರೊ’ ಎಂದೇ ಅಂಕಿತವಿದೆ. ಮಿಂದು ಬಂದು ಹಿಂತಿರುಗಿ ನೋಡುವ ಹೆಣ್ಣಿಗೆ ಅಲ್ಲಿ ‘ಚಂಚಲೆ’ಯೆಂಬ ಶಿರೋನಾಮೆ. ಇದು ನಮ್ಮ ನಾಯಿಕಾಭೇದದಂತೆ ವರ್ಗದ ಚಿತ್ರಣವೇ ಹೊರತು ವ್ಯಕ್ತಿಯದಲ್ಲ.

ವ್ಯಕ್ತಿಗಳು ಬರುವುದು ಸುಮಾರು 1793ರ ‘ಈ ಕಾಲದ ಮೂವರು ಸುಂದರಿಯರು’ ಎಂಬ ಚಿತ್ರದಲ್ಲಿ. ಅಭ್ರಕದ ಹಿನ್ನೆಲೆಯ ಮೇಲೆ ಗಾಯಕಿ ತೊಯೊಹಿನಾ, ಎದೊ ನಗರದ ಅಸಾಕುಸಾದಲ್ಲಿ ಚಹದಂಗಡಿಯ ಓಕಿತಾ, ರ್ಯೋಗೊಕುವಿನ ಓಹಿಸಾ. ಮೂವರಿಗೂ ಅದೇ ನೀಳಮುಖ, ಅದೇ ಕಿರುಬಾಯಿ. ಆದರೆ ಒಬ್ಬಳ ಮೂಗಿನ ಗೆರೆ ನೆಟ್ಟಗಿದ್ದರೆ ಮತ್ತೊಬ್ಬಳದು ಕೊಂಚ ಬಾಗಿದೆ; ಕಣ್ಣಿನ ಆಕಾರದಲ್ಲಿಯೂ ಕೂದಲೆಳೆಯಷ್ಟು ಅಂತರ. ಭೇದವುಂಟು, ಆದರೆ ಹುಡುಕಬೇಕು. ನೋಡುವವನಿಗೆ ಗುರುತು ಸಿಕ್ಕುತ್ತಿದ್ದುದು ಬಹುಮಟ್ಟಿಗೆ ಲಾಂಛನಗಳಿಂದ ಮತ್ತು ಹೆಸರಿನಿಂದ.

ಹೆಸರಿನ ಈ ಬಲವನ್ನು ವಿಮರ್ಶಕರಿಗಿಂತ ಮೊದಲು ಅರಿತುಕೊಂಡವರು ಆಳುವವರು. ವೇಶ್ಯೆಯರನ್ನುಳಿದು ಬೇರೆ ಹೆಂಗಸರ ಹೆಸರನ್ನು ಚಿತ್ರದಲ್ಲಿ ಅಚ್ಚುಹಾಕಬಾರದೆಂದು 1793ರಲ್ಲಿ ಆಜ್ಞೆಯಾಯಿತು. ಉತಮಾರೊ ಮೂಲೆಯಲ್ಲೊಂದು ಒಗಟನ್ನು ಬರೆದನು: ಎರಡು ಕಟ್ಟು ಸೊಪ್ಪು, ಒಂದು ಬಾಣ, ಕಡಲು, ಗದ್ದೆ. ಜಪಾನೀ ಭಾಷೆಯಲ್ಲಿ ಇವನ್ನು ಕೂಡಿಸಿ ಓದಿದರೆ ‘ನಾನಿವಾಯಾ ಓಕಿತಾ’ ಎಂದಾಗುತ್ತದೆ. 1796ರಲ್ಲಿ ಒಗಟುಗಳೂ ನಿಷಿದ್ಧವಾದುವು. ಚಹ ಕೊಡುವ ಹುಡುಗಿಯ ಹೆಸರಿಗೆ ಇಷ್ಟು ಹೆದರಿಕೆ!

ಹೆಸರಿಗೆ ಅನುಮತಿಯಿದ್ದುದು ಯೊಶಿವಾರಾದ ವೇಶ್ಯೆಯರಿಗೆ. ಅದೂ ವೃತ್ತಿಗಾಗಿ ಇಟ್ಟ ಹೆಸರು. ಕಂದಕದೊಳಗಿನ ಆ ಕೇರಿಯಲ್ಲಿ ಸಾಲಕ್ಕೆ ಒತ್ತೆಬಿದ್ದ ಅವರ ಬಾಳನ್ನು ಉತಮಾರೊ ನೇರವಾಗಿ ಚಿತ್ರಿಸಿದ್ದು ವಿರಳ. ಆತನ ಗೆರೆ ಅವರನ್ನು ಎತ್ತರಿಸುತ್ತದೆ, ಅಲಂಕರಿಸುತ್ತದೆ, ಮಾರಾಟಕ್ಕೂ ಒದಗುತ್ತದೆ. ಈ ದೋಷವನ್ನು ಮುಚ್ಚಿಡಬೇಕಾಗಿಲ್ಲ. ಆದರೂ 1794ರ ಸುಮಾರಿನ, ಅದೇ ಕೇರಿಯ ‘ಹನ್ನೆರಡು ಹೊತ್ತು’ಗಳ ಮಾಲೆಯಲ್ಲಿ, ರಾತ್ರಿ ಎರಡು ಗಂಟೆಯ ‘ಎತ್ತಿನ ಹೊತ್ತಿ’ನ ಚಿತ್ರ ಬೇರೆಯೇ ಆಗಿದೆ. ನಿದ್ದೆಗಣ್ಣಿನ ಹೆಣ್ಣೊಬ್ಬಳು ಎದ್ದಿದ್ದಾಳೆ. ಒಂದು ಕೈಯಲ್ಲಿ ಉರಿಯುವ ಕಾಗದದ ಸುರುಳಿ, ಇನ್ನೊಂದರಲ್ಲಿ ತೆಳುಕಾಗದ. ಕಾಲು ಪಾದರಕ್ಷೆಯನ್ನು ತಡಕುತ್ತಿದೆ. ಗಡಿಯಾರದ ಆಕಾರದ ಚೌಕಟ್ಟಿನಲ್ಲಿ ಹೊತ್ತಿನ ಹೆಸರಿದೆ. ಮುಖ ಎಂದಿನ ಮುಖವೇ. ಆದರೆ ಆ ಕಾಲಿನ ಆಯಾಸ ಯಾವ ವರ್ಗದ್ದೂ ಅಲ್ಲ, ಅವಳೊಬ್ಬಳದು.