ಹೊರನಾಡ ಕನ್ನಡದ ಎಣಿಕೆ: ಠಾಣೆ ಜಿಲ್ಲೆಯ ಭಾಷಾಕೋಷ್ಟಕಗಳನ್ನು ಕುರಿತು

ಹೊರನಾಡ ಕನ್ನಡಿಗರನ್ನು ಕುರಿತ ಅಧ್ಯಯನಗಳು ಸಂಖ್ಯೆಯ ಮಾತು ಬಂದಾಗ ಜನಗಣತಿಯ ಮಾತೃಭಾಷಾ ಕೋಷ್ಟಕವನ್ನೇ ಆಕರವಾಗಿ ಹಿಡಿಯುವುದು ವಾಡಿಕೆ. ಪ್ರಕಟವಾಗಿರುವ ಭಾಷಾಗಣತಿಗಳಲ್ಲಿ ಕೊನೆಯದಾದ 2011ರ ಸಿ-16 ಕೋಷ್ಟಕವು ರಾಜ್ಯಕ್ಕೊಂದು ಕಡತವಾಗಿ ದೊರೆಯುತ್ತದೆ. ಮಹಾರಾಷ್ಟ್ರ, ಗೋವಾ, ಕೇರಳ, ತಮಿಳುನಾಡು, ಆಂಧ್ರಗಳ ಕಡತಗಳನ್ನು ಗಣಕದಲ್ಲಿ ಕಿರಿದಾದೊಂದು ಸ್ಕ್ರಿಪ್ಟಿನಿಂದ ಒಂದುಗೂಡಿಸಿ, 'ಕನ್ನಡ' ಎಂಬ ಹೆಸರಿನ ಸಾಲುಗಳನ್ನೆಲ್ಲ ಕೂಡಿಸುವುದು ಸುಲಭ. ಆದರೆ ಈ ಜೋಡಣೆಯು ಗ್ರಂಥಸಂಪಾದನೆಯಷ್ಟೇ ವಿವೇಚನೆಯನ್ನು ಬೇಡುತ್ತದೆಂಬುದು ನಮ್ಮ ಅಭಿಪ್ರಾಯ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳ ನಿದರ್ಶನದಿಂದ ಇದನ್ನು ಪರಿಶೀಲಿಸಬಹುದು.

ಮಹಾರಾಷ್ಟ್ರದ ಒಂದೇ ಕಡತದಲ್ಲಿ ರಾಜ್ಯ, ಜಿಲ್ಲೆ, ತಾಲೂಕು ಎಂಬ ಮೂರು ಹಂತಗಳ ಸಾಲುಗಳು ಬೆರೆತಿವೆ. ಪ್ರತಿ ಹಂತದಲ್ಲಿಯೂ ಕನ್ನಡವು ಎರಡು ಬಾರಿ ಬರುತ್ತದೆ: ಬಡಗ ಮೊದಲಾದವನ್ನು ಒಳಗೊಂಡ ಭಾಷಾವರ್ಗವಾಗಿ ಒಮ್ಮೆ, ಆ ವರ್ಗದೊಳಗಿನ ಮಾತೃಭಾಷೆಯಾಗಿ ಮತ್ತೊಮ್ಮೆ. ಆದುದರಿಂದ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದ ಡೊಂಬಿವಲಿಯ ಒಬ್ಬ ವ್ಯಕ್ತಿ ಆರು ಸಾಲುಗಳಲ್ಲಿ ಸೇರಿರುತ್ತಾನೆ. ಹಂತಗಳನ್ನು ಬೇರ್ಪಡಿಸದೆ ಕೂಡಿಸಿದರೆ ಮೊತ್ತವು ಸುಮಾರು ಆರುಮಡಿಯಾಗುತ್ತದೆ. ಹೆಸರಿನ ಬದಲು ಸಂಕೇತವನ್ನು ಆಶ್ರಯಿಸಿದರೂ ಎಚ್ಚರ ಅಗತ್ಯ. ಕನ್ನಡ ವರ್ಗದ 007000 ಎಂಬ ಸಂಕೇತವನ್ನು ಗಣಕವು ಸಂಖ್ಯೆಯೆಂದು ಗ್ರಹಿಸಿದಲ್ಲಿ ಅದು 7000 ಆಗಿ ಉಳಿದು, ಇನ್ನೊಂದು ಕಡತದ ಸಂಕೇತದೊಡನೆ ಹೊಂದುವುದಿಲ್ಲ.

ಎರಡನೆಯದು ಗಡಿಯ ಪ್ರಶ್ನೆ. 2011ರಲ್ಲಿ 1,10,60,148 ಜನರಿದ್ದ ಠಾಣೆ ಜಿಲ್ಲೆಯ ಹದಿನೈದು ತಾಲೂಕುಗಳಲ್ಲಿ ವಸಯಿ ಸೇರಿದಂತೆ ಎಂಟು, 2014ರ ಆಗಸ್ಟ್ 1ರಂದು ಪಾಲ್ಘರ್ ಜಿಲ್ಲೆಯಾದವು. ಇಂದಿನ ಠಾಣೆಯನ್ನು ಕುರಿತು ಬರೆಯುವವರು ಉಳಿದ ಏಳು ತಾಲೂಕುಗಳನ್ನಷ್ಟೇ ಆಯ್ದುಕೊಳ್ಳಬೇಕು. ಡೊಂಬಿವಲಿಯು ಕಲ್ಯಾಣ ತಾಲೂಕಿನೊಳಗೆ ಅಡಗಿರುವುದರಿಂದ ತಾಲೂಕುಗಳ ಸಾಲಿನಲ್ಲಿ ಅದರ ಹೆಸರಿಲ್ಲ. ನವಿಮುಂಬಯಿಯೆಂದು ಜನ ಕರೆಯುವ ಪ್ರದೇಶವಾದರೋ ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿದೆ: ವಾಶಿ, ನೆರೂಲ್‌ಗಳು ಠಾಣೆ ಜಿಲ್ಲೆಗೂ ಖಾರ್ಘರ್, ಕಾಮೋಠೆಗಳು ರಾಯಗಡಕ್ಕೂ ಸೇರಿವೆ.

ಇವೆಲ್ಲವನ್ನೂ ಸರಿಪಡಿಸಿದ ಮೇಲೂ ಮುಖ್ಯವಾದೊಂದು ತೊಡಕು ಉಳಿಯುತ್ತದೆ. ಇಡೀ ದೇಶದಲ್ಲಿ 2011ರಲ್ಲಿ 18,46,427 ಜನ ಮಾತೃಭಾಷೆಯೆಂದು ಬರೆಸಿದ ತುಳುವಿಗೆ ಗಣತಿಯಲ್ಲಿ ಪ್ರತ್ಯೇಕ ಸ್ಥಾನವಿದೆ. ಕರಾವಳಿಯಿಂದ ಈ ನಗರಗಳಿಗೆ ಬಂದ ಅನೇಕ ಕುಟುಂಬಗಳಲ್ಲಿ ಮನೆಮಾತು ತುಳು. ಓದುಬರಹ, ಸಂಘದ ಸಭೆ, ಯಕ್ಷಗಾನಗಳ ಭಾಷೆ ಕನ್ನಡ. ಇವರನ್ನು ಕನ್ನಡದ ಮೊತ್ತಕ್ಕೆ ಸೇರಿಸಿದರೆ ತುಳುವಿನ ಸ್ವತಂತ್ರ ಅಸ್ತಿತ್ವಕ್ಕೆ ಅನ್ಯಾಯವಾಗುತ್ತದೆ. ಕೈಬಿಟ್ಟರೆ ಇಲ್ಲಿಯ ಕನ್ನಡ ಬದುಕಿನ ಬಹುಭಾಗವೇ ಮರೆಯಾಗುತ್ತದೆ. ದ್ವಿಭಾಷಿಕರನ್ನು ಲೆಕ್ಕಿಸುವ ಸಿ-17 ಕೋಷ್ಟಕವು ರಾಜ್ಯಮಟ್ಟದ್ದಾದುದರಿಂದ ಠಾಣೆಯ ಮಟ್ಟಿಗೆ ಉತ್ತರ ನೀಡದು. ಇದನ್ನು ಕ್ಷೇತ್ರಕಾರ್ಯದಿಂದಲೇ ತುಂಬಿಕೊಳ್ಳಬೇಕು.

ಪ್ರಾಚೀನ ಕೃತಿಯ ಸಂಪಾದಕನು ಪ್ರತಿಯೊಂದು ಪಾಠಾಂತರವೂ ಯಾವ ಓಲೆಪ್ರತಿಯದೆಂದು ಸೂಚಿಸುತ್ತಾನೆ. ಅಂತೆಯೇ ಒಂದುಗೂಡಿಸಿದ ಕಡತದ ಪ್ರತಿ ಸಾಲಿನಲ್ಲಿಯೂ ಮೂಲ ಕಡತ, ಆಡಳಿತದ ಹಂತ, ಗಡಿಯ ವರ್ಷ ಇವು ದಾಖಲಾಗಿರಬೇಕು. ಕನ್ನಡ, ತುಳುಗಳ ಅಂಕಿಗಳು ಬೆರೆಯದೆ ಅಕ್ಕಪಕ್ಕದಲ್ಲಿರಬೇಕು. ಹೀಗೆ ಮಾಡಿದಲ್ಲಿ ಮತ್ತೊಬ್ಬ ಸಂಶೋಧಕನು ಅದೇ ಹಾದಿಯಲ್ಲಿ ಸಾಗಿ ಮೊತ್ತವನ್ನು ಪರೀಕ್ಷಿಸಬಲ್ಲನು. ಅಂಥ ಪರೀಕ್ಷೆಗೆ ಒಡ್ಡಿಕೊಳ್ಳದ ಅಂಕಿಯನ್ನು ಆಕರವೆಂದು ಉಲ್ಲೇಖಿಸುವುದು ಉಚಿತವಲ್ಲ.